ತಂತಿಯಿಲ್ಲದ ಕ್ಯಾಮೆರಾ, ಕ್ಷಣ ತಡವಾದ ಮುಖ

ನಾಟಕ ನಡೆಯುತ್ತಿರುವಾಗಲೇ ನಟರ ಮುಖವನ್ನೋ ಕೈಯನ್ನೋ ಪ್ರೇಕ್ಷಕರ ಕಣ್ಣಿಗೆ ಬೀಳದ ಮೂಲೆಯೊಂದನ್ನೋ ಕ್ಯಾಮೆರಾದಲ್ಲಿ ಹಿಡಿದು, ಆಗಿಂದಾಗಲೇ ರಂಗದ ಪರದೆಯ ಮೇಲೆ ಮೂಡಿಸುವುದಕ್ಕೆ ರಂಗಕರ್ಮಿಗಳು ಲೈವ್ ವಿಡಿಯೊ ಎನ್ನುತ್ತಾರೆ. ಮೊದಲೇ ಚಿತ್ರೀಕರಿಸಿಟ್ಟುಕೊಂಡ ತುಣುಕನ್ನು ಹಿನ್ನೆಲೆಯಲ್ಲಿ ಓಡಿಸುವುದು ಬೇರೆ, ಇದು ಬೇರೆ. ತುಣುಕು ನೂರು ಪ್ರದರ್ಶನವಾದರೂ ಬದಲಾಗುವುದಿಲ್ಲ. ಲೈವ್ ಚಿತ್ರ ಮಾತ್ರ ಆ ದಿನದ ನಟನ ಜೊತೆಗೇ ಏರುತ್ತದೆ, ಅವನ ಜೊತೆಗೇ ತಡವರಿಸುತ್ತದೆ. ಪ್ರೇಕ್ಷಕನಿಗೆ ಅದು ಈಗ, ಇಲ್ಲೇ, ಈ ಕಟ್ಟಡದೊಳಗೇ ನಡೆಯುತ್ತಿದೆ ಎಂದು ಗೊತ್ತಿರುವುದರಿಂದಲೇ ಅದಕ್ಕೆ ಬೆಲೆ. ಕ್ಯಾಮೆರಾ ಬೆರಳ ಗಾತ್ರಕ್ಕೆ ಇಳಿದು, ಅದರ ಹಿಂದೆ ಎಳೆದಾಡುತ್ತಿದ್ದ ಕೇಬಲ್ಲೂ ಹೋದ ಮೇಲೆ ಈ ಪದ್ಧತಿ ಹೊಸ ಜಾಗಗಳಿಗೆ ನುಗ್ಗಿದೆ. ಜೊತೆಗೆ ಹೊಸ ತಲೆನೋವುಗಳನ್ನೂ ತಂದಿದೆ.

ನಾಟಕದೊಳಗೆ ಚಲಿಸುವ ಚಿತ್ರ ಬಂದು ನೂರು ವರ್ಷವಾಯಿತು. ಬರ್ಲಿನ್‌ನಲ್ಲಿ ಎರ್ವಿನ್ ಪಿಸ್ಕಾಟರ್ 1920ರ ದಶಕದಲ್ಲೇ ರಾಜಕೀಯ ನಾಟಕಗಳ ನಡುವೆ ಸಿನಿಮಾ ಓಡಿಸಿದ್ದರು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಜೆಕೊಸ್ಲೊವಾಕಿಯಾದ ನಿರ್ದೇಶಕ ಆಲ್ಫ್ರೆಡ್ ರಾಡೊಕ್ ಮತ್ತು ರಂಗವಿನ್ಯಾಸಕಾರ ಯೋಸೆಫ್ ಸ್ವೊಬೊಡಾ ಸೇರಿ ತೋರಿಸಿದ ಲಾತೆರ್ನಾ ಮಾಗಿಕಾದಲ್ಲಿ ಪರದೆಯ ಮೇಲಿನವರೂ ರಂಗದ ಮೇಲಿನವರೂ ಒಬ್ಬರಿಗೊಬ್ಬರು ಸ್ಪಂದಿಸುವಂತೆ ಕಂಡರು. ಅದೂ ಮೊದಲೇ ಚಿತ್ರೀಕರಿಸಿದ್ದೇ. ನಿಜವಾದ ಲೈವ್ ಬಂದದ್ದು 1965ರಲ್ಲಿ, ಇಟಲಿಯ ಸಂಗೀತಕಾರ ಲುಯಿಜಿ ನೊನೊ ಅವರ ‘ಇಂಟಾಲೆರಾಂಜಾ’ ಆಪೆರಾ ಅಮೆರಿಕದ ಬಾಸ್ಟನ್‌ಗೆ ಹೋದಾಗ. ಅದರ ರಂಗವಿನ್ಯಾಸವೂ ಸ್ವೊಬೊಡಾ ಅವರದೇ. ಟೆಲಿವಿಷನ್ ಕ್ಯಾಮೆರಾಗಳನ್ನು ತರಿಸಿ, ಕುಳಿತಿದ್ದ ಪ್ರೇಕ್ಷಕರ ಮುಖಗಳನ್ನೇ ಅವರ ಎದುರಿನ ಪರದೆಗೆ ಹಾಕಿದರು. ಆಮೇಲೆ ಆ ಚಿತ್ರವನ್ನು ನೆಗೆಟಿವ್‌ಗೆ ತಿರುಗಿಸಿದರು. ಬಿಳಿಯ ಪ್ರೇಕ್ಷಕರು ಪರದೆಯ ಮೇಲೆ ಕಪ್ಪು ಜನರಾಗಿ ಕಂಡರು. ಜನಾಂಗ ದ್ವೇಷದ ಬಗ್ಗೆ ಭಾಷಣವಿಲ್ಲದೆ ಹೇಳಿದ ಮಾತು ಅದು. ಆದರೆ ಆ ಕಾಲದ ಸ್ಟುಡಿಯೊ ಕ್ಯಾಮೆರಾ ಗಾಲಿಯ ಸ್ಟ್ಯಾಂಡಿನ ಮೇಲೆ ಕೂರುವಂಥದ್ದು. ತೋಳುದಪ್ಪದ ಕೇಬಲ್ ಕಟ್ಟಿಕೊಂಡು ಅದು ನಟರ ಹಿಂದೆ ಓಡಾಡುವ ಮಾತೇ ಇರಲಿಲ್ಲ.

ಕೈಯಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಓಡಾಟ ಶುರುವಾಯಿತು. ಬರ್ಲಿನ್‌ನ ಫೋಲ್ಕ್ಸ್‌ಬ್ಯೂನೆ ರಂಗಮಂದಿರದಲ್ಲಿ ಫ್ರಾಂಕ್ ಕಾಸ್ಟೊರ್ಫ್ 2000ದ ಆಸುಪಾಸಿನಿಂದ ಮಾಡಿಸಿದ ದಾಸ್ತೊಯೆವ್‌ಸ್ಕಿ ನಾಟಕಗಳಲ್ಲಿ ವಿನ್ಯಾಸಕಾರ ಬೆರ್ಟ್ ನೊಯ್‌ಮನ್ ರಂಗದ ಮೇಲೆ ಇಡೀ ಮನೆಗಳನ್ನೇ ಕಟ್ಟಿ ಗೋಡೆ ಮುಚ್ಚಿಬಿಟ್ಟರು. ನಟರು ಒಳಗೆ ಜಗಳವಾಡುತ್ತಾರೆ, ಅಳುತ್ತಾರೆ; ಹೊರಗೆ ಕೂತವರಿಗೆ ಅದು ಕಾಣುವುದು ಒಳಗಿರುವ ಕ್ಯಾಮೆರಾದವನ ಮೂಲಕ ಮಾತ್ರ. ಟಿಕೆಟ್ ಕೊಂಡು ಬಂದವರಿಗೆ ಗೋಡೆ ತೋರಿಸುವ ಈ ಉದ್ಧಟತನ ಕೆಲವರನ್ನು ರೇಗಿಸಿದ್ದೂ ನಿಜ. ಆದರೆ ಕಾಣದ ಜಾಗವೂ ರಂಗವಾಗಬಹುದು ಎಂಬುದು ಅಲ್ಲಿಂದ ಗಟ್ಟಿಯಾಯಿತು.

ಆ ಕಾಣದ ಜಾಗ ಕಟ್ಟಡವನ್ನೂ ದಾಟಬೇಕಾದರೆ ಕೇಬಲ್ ತೊಲಗಲೇಬೇಕಿತ್ತು. ಬೆಲ್ಜಿಯಂ ಮೂಲದ ನಿರ್ದೇಶಕ ಈವೊ ವಾನ್ ಹೋವ 2017ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ‘ನೆಟ್‌ವರ್ಕ್’ ಮಾಡಿಸಿದಾಗ ಒಂದು ದೃಶ್ಯ ರಂಗಮಂದಿರದ ಹೊರಗಿನ ಬೀದಿಯಲ್ಲಿ ನಡೆದು, ನಟರು ಅಲ್ಲಿಂದ ಒಳಗೆ ನಡೆದು ಬರುವುದನ್ನು ಕ್ಯಾಮೆರಾ ಹಿಂಬಾಲಿಸಿತು. ಟೀವಿ ಸುದ್ದಿವಾಚಕನೊಬ್ಬನ ತಲೆ ಕೆಡುವ ಕಥೆಯಾದ್ದರಿಂದ ಕ್ಯಾಮೆರಾಗಳಿಗೆ ಅಲ್ಲಿ ಪಾತ್ರದಷ್ಟೇ ಹಕ್ಕಿತ್ತು. 2023ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಜೇಮಿ ಲಾಯ್ಡ್ ನಿರ್ದೇಶಿಸಿದ ‘ಸನ್‌ಸೆಟ್ ಬುಲೆವಾರ್ಡ್’ ಇನ್ನೂ ಮುಂದೆ ಹೋಯಿತು. ಎರಡನೇ ಅಂಕದ ಆರಂಭದಲ್ಲಿ ನಟ ಟಾಮ್ ಫ್ರಾನ್ಸಿಸ್ ನೇಪಥ್ಯದ ಕೋಣೆಯಿಂದ ಹೊರಟು, ಓಣಿಗಳಲ್ಲಿ ಸಾಗಿ, ಮೆಟ್ಟಿಲು ಇಳಿದು, ಬಾಗಿಲು ತೆರೆದು ರಸ್ತೆಗೇ ಬಂದು, ದಾರಿಹೋಕರ ನಡುವೆ ಶೀರ್ಷಿಕೆ ಗೀತೆ ಹಾಡುತ್ತಾ ಮತ್ತೆ ರಂಗಕ್ಕೆ ಮರಳುತ್ತಿದ್ದರು. ಒಳಗಿದ್ದವರು ಅದನ್ನೆಲ್ಲ ಬೃಹತ್ ಪರದೆಯ ಮೇಲೆ ನೋಡುತ್ತಿದ್ದರು. 2024ರಲ್ಲಿ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದಾಗ ಈ ನಡಿಗೆ 44ನೇ ಬೀದಿಯಲ್ಲಿ ನಡೆಯಿತು. ಹೊರಗೆ ಅದನ್ನು ನೋಡಲೆಂದೇ ಜನ ಕಾಯತೊಡಗಿದರು. ಹೀಗೆ ನಡೆಯಲು ಕ್ಯಾಮೆರಾ ಒಂದಿದ್ದರೆ ಸಾಲದು. ದಾರಿಯುದ್ದಕ್ಕೂ ಸಂಕೇತ ಹಿಡಿಯುವ ಆಂಟೆನಾಗಳು ಬೇಕು. ಹಾಡುವವನ ಮೈಕಿಗೂ ಅಷ್ಟೇ ದೂರದ ವ್ಯಾಪ್ತಿ ಬೇಕು, ಒಳಗಿನ ವಾದ್ಯವೃಂದ ಅವನ ಕಿವಿಗೆ ಕೇಳಿಸುತ್ತಿರಬೇಕು.

ಇವೆಲ್ಲ ದೊಡ್ಡ ಹಣದ ನಾಟಕಗಳು. ಚಿಕ್ಕ ಕ್ಯಾಮೆರಾದ ನಿಜವಾದ ಕಸುಬುಗಾರಿಕೆ ನೋಡಬೇಕೆಂದರೆ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮಿನ ‘ಹೋಟೆಲ್ ಮಾಡರ್ನ್’ ತಂಡವನ್ನು ನೋಡಬೇಕು. 2001ರ ‘ದಿ ಗ್ರೇಟ್ ವಾರ್’ ನಾಟಕದಲ್ಲಿ ಮೊದಲ ಮಹಾಯುದ್ಧದ ರಣಭೂಮಿಯನ್ನು ಅವರು ಮೇಜುಗಳ ಮೇಲೆ ಮಣ್ಣು ಹರಡಿ ಕಟ್ಟಿದರು. ಮರಗಳ ಬದಲಿಗೆ ಪಾರ್ಸ್‌ಲೀ ಸೊಪ್ಪಿನ ಕಡ್ಡಿ ನೆಟ್ಟರು. ಆ ಮಣ್ಣಿನ ನಡುವೆ ಪುಟ್ಟ ಕ್ಯಾಮೆರಾ ಹರಿದಾಡಿದರೆ ಪರದೆಯ ಮೇಲೆ ಕಂದಕಗಳು, ಕೆಸರು, ಸುಟ್ಟ ಕಾಡು. ಬದಿಯಲ್ಲೇ ನಿಂತ ಧ್ವನಿ ಕಲಾವಿದ ಆರ್ಥರ್ ಸೌಅರ್ ಕೈಗೆ ಸಿಕ್ಕ ವಸ್ತುಗಳಿಂದ ಅದಕ್ಕೆ ಸದ್ದು ಕೂಡಿಸುತ್ತಾರೆ. 2005ರ ‘ಕ್ಯಾಂಪ್’ ಇನ್ನೂ ಕಠೋರ. ರಂಗ ತುಂಬ ಆಶ್‌ವಿಟ್ಸ್ ಯಾತನಾ ಶಿಬಿರದ ಪುಟ್ಟ ಮಾದರಿ: ಸಾಲು ಸಾಲು ಷೆಡ್ಡುಗಳು, ರೈಲು ಹಳಿ, ಕಬ್ಬಿಣದ ಗೇಟು, ಕೈಯಲ್ಲೇ ಮಾಡಿದ ಸುಮಾರು 8 ಸೆಂಟಿಮೀಟರ್ ಎತ್ತರದ ಸಾವಿರಾರು ಗೊಂಬೆಗಳು. ಮಾತೇ ಇಲ್ಲ. ಕಲಾವಿದರು ಷೆಡ್ಡುಗಳ ನಡುವೆ ಬಗ್ಗಿ ಕೂತು ಗೊಂಬೆಗಳನ್ನು ಸರಿಸುತ್ತ, ಇನ್ನೊಂದು ಕೈಯಲ್ಲಿ ಕ್ಯಾಮೆರಾವನ್ನು ಅವುಗಳ ಮುಖದೆತ್ತರಕ್ಕೆ ಹಿಡಿಯುತ್ತಾರೆ. ಪರದೆಯ ಮೇಲೆ ಕೈದಿಗಳ ಸಾಲು ಹಾದುಹೋಗುತ್ತಿದ್ದರೆ, ಕೆಳಗೆ ಅದೇ ಸಾಲಿನ ಪಕ್ಕದಲ್ಲಿ ಮನುಷ್ಯರ ದೈತ್ಯಾಕಾರದ ಬೂಟುಗಳು ಕಾಣುತ್ತವೆ. ಮುಗ್ಧವಾಗಿ ಮುಳುಗಿಹೋಗಲು ಪ್ರೇಕ್ಷಕನಿಗೆ ಅವಕಾಶವೇ ಇಲ್ಲ. ಗೊಂಬೆ ಎಂದು ಗೊತ್ತಿದ್ದೂ ಕರುಳು ಕಿವುಚುತ್ತದೆ.

ಇಲ್ಲಿ ಚಿಕ್ಕ ಕ್ಯಾಮೆರಾ ಎಂದರೆ ಅಗ್ಗದ ಕ್ಯಾಮೆರಾ ಎಂದಲ್ಲ. ದೊಡ್ಡ ಕ್ಯಾಮೆರಾವನ್ನು ನೆಲಕ್ಕಿಟ್ಟರೂ ಅದರ ಲೆನ್ಸು 8 ಸೆಂಟಿಮೀಟರ್ ಗೊಂಬೆಯ ತಲೆಯ ಮೇಲೇ ಇರುತ್ತದೆ. ಸಿಗುವುದು ಕೆಳಗೆ ಬಗ್ಗಿ ನೋಡುವ ನೋಟ. ಇನ್ನೊಂದು ಕಾರಣ ಬೆಳಕಿನ ವಿಜ್ಞಾನದ್ದು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಫೋಕಸ್‌ನಲ್ಲಿ ಉಳಿಯುತ್ತದೆ. ಸಿನಿಮಾ ಕ್ಯಾಮೆರಾದ ದೊಡ್ಡ ಸೆನ್ಸರಿನಿಂದ ಗೊಂಬೆಯ ಸಮೀಪ ಹೋದರೆ ಮೂಗು ಸ್ಪಷ್ಟ, ಕಿವಿ ಮಸುಕು. ಹಿಂದಿನ ಷೆಡ್ಡು ಬರೀ ಬಣ್ಣದ ಕಲೆ. ಆ ಮಸುಕೇ ಇದು ಆಟಿಕೆ ಎಂದು ಸಾರಿಬಿಡುತ್ತದೆ. ಕಡಲೆಕಾಳಿನಷ್ಟು ಸೆನ್ಸರಿನ ಕ್ಯಾಮೆರಾದಲ್ಲಿ ಗೊಂಬೆಯೂ ಷೆಡ್ಡೂ ಚೂಪಾಗಿ ನಿಂತು, ಮಾದರಿ ತನ್ನ ನಿಜ ಗಾತ್ರ ಮರೆಮಾಚುತ್ತದೆ.

ಇನ್ನು ತಂತಿಯಿಲ್ಲದ ಸಂಪರ್ಕದ ವಿಷಯ. ಇದರಲ್ಲಿ ಮುಖ್ಯವಾಗಿ ಮೂರು ಬಗೆಯ ಸಲಕರಣೆಗಳಿವೆ, ಪ್ರತಿಯೊಂದಕ್ಕೂ ಒಂದೊಂದು ರೋಗ. ಮೊದಲಿಗೆ ಬಂದದ್ದು ಅನಲಾಗ್. 2.4 ಗಿಗಾಹರ್ಟ್ಸ್‌ನಲ್ಲಿ ಚಿತ್ರ ಕಳಿಸುವ, ಬ್ಯಾಟರಿ ಸಿಕ್ಕಿಸಿದರೆ ಸಾಕು ಎನ್ನುವಂಥ ಗುಪ್ತ ಕ್ಯಾಮೆರಾಗಳು 2000ದ ದಶಕದಲ್ಲಿ ಅಗ್ಗವಾಗಿ ಸಿಗತೊಡಗಿದ ಮೇಲೆ ಸಣ್ಣ ತಂಡಗಳು ಅವನ್ನು ಟೋಪಿಗೆ, ಗೊಂಬೆಯ ಕಣ್ಣಿಗೆ, ಕೋಲಿನ ತುದಿಗೆ ಸಿಕ್ಕಿಸಿದವು. ಅದೇ ಕುಲದ 5.8 ಗಿಗಾಹರ್ಟ್ಸ್ ಉಪಕರಣಗಳನ್ನು ಈಗ ರೇಸಿಂಗ್ ಡ್ರೋನ್ ಹವ್ಯಾಸಿಗಳು ಬಳಸುತ್ತಾರೆ. ಕೆಲವೇ ಗ್ರಾಂ ತೂಕ. ಅನಲಾಗ್ ಚಿತ್ರ ಎಲ್ಲೂ ಶೇಖರಣೆಯಾಗದೆ ನೇರ ಹರಿಯುವುದರಿಂದ ತಡ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಸ್ಪಷ್ಟತೆ ಹಳೆಯ ಟೀವಿಯಷ್ಟೇ. ಇಪ್ಪತ್ತು ಅಡಿ ಪರದೆಗೆ ಹಿಗ್ಗಿಸಿದರೆ ಮುಖ ಅಂಬಲಿಯಾಗುತ್ತದೆ. ಸಂಕೇತ ದುರ್ಬಲವಾದಾಗ ಚಿತ್ರದ ತುಂಬ ಕಾಳು ಬೀಳುತ್ತದೆ. ನಾಟಕಕ್ಕೆ ಒಪ್ಪುವಂತಿದ್ದರೆ ಆ ಕಾಳೂ ಚೆಂದವೇ.

ಎರಡನೆಯದು ವೈಫೈ: ಆ್ಯಕ್ಷನ್ ಕ್ಯಾಮೆರಾ, ಮೊಬೈಲ್ ಫೋನು, ಸಿಸಿಟಿವಿ ಜಾತಿಯ ಐಪಿ ಕ್ಯಾಮೆರಾ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇಎಸ್‌ಪಿ32 ಕ್ಯಾಮೆರಾ ಬೋರ್ಡು. ಪ್ರಯೋಗಕ್ಕೆ ಇವು ಸರಿ, ಆದರೆ ತಡ ಹೆಚ್ಚು. ಮೂರನೆಯದು ಸಿನಿಮಾ ಸೆಟ್ಟಿನಲ್ಲಿ ನಿರ್ದೇಶಕರ ಮಾನಿಟರಿಗೆ ಚಿತ್ರ ಕಳಿಸಲೆಂದೇ ಮಾಡಿದ ಟ್ರಾನ್ಸ್‌ಮಿಟರ್‌ಗಳು. ಟೆರಾಡೆಕ್ ಬೋಲ್ಟ್‌ನಂಥವು ಒಂದು ಮಿಲಿಸೆಕೆಂಡಿಗೂ ಕಡಿಮೆ ತಡದಲ್ಲಿ ಚಿತ್ರ ಮುಟ್ಟಿಸುತ್ತವೆ. ಬೆಲೆ ಮಾತ್ರ ಹವ್ಯಾಸಿ ತಂಡದ ಇಡೀ ನಾಟಕದ ಖರ್ಚನ್ನು ಮೀರಬಹುದು. ಅದಕ್ಕಿಂತ ಅಗ್ಗದವು ಹತ್ತಾರು ಮಿಲಿಸೆಕೆಂಡ್ ತಡ ಮಾಡುತ್ತವೆ.

ಈ ತಡದ ಲೆಕ್ಕವೇ ಇಡೀ ವಿದ್ಯೆಯ ತಿರುಳು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಡಿಜಿಟಲ್ ಕ್ಯಾಮೆರಾ ಸಾಮಾನ್ಯವಾಗಿ ಒಂದು ಫ್ರೇಮನ್ನು ಪೂರ್ತಿ ಓದಿದ ಮೇಲೇ ಮುಂದಕ್ಕೆ ಕಳಿಸುತ್ತದೆ. ಸಂಕುಚಿತಗೊಳಿಸುವ ಚಿಪ್ ಒಂದೆರಡು ಫ್ರೇಮ್ ಹಿಡಿದಿಟ್ಟುಕೊಳ್ಳುತ್ತದೆ, ಏಕೆಂದರೆ ಎಚ್.264ರಂಥ ವಿಧಾನಗಳು ಒಂದು ಫ್ರೇಮಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನೇ ಹೆಚ್ಚಾಗಿ ಬರೆದುಕೊಳ್ಳುತ್ತವೆ. ಕೆಲವೊಮ್ಮೆ ಮುಂದಿನ ಫ್ರೇಮ್ ಬರುವವರೆಗೆ ಈಗಿನದ್ದನ್ನು ಬಿಡುಗಡೆಯನ್ನೇ ಮಾಡುವುದಿಲ್ಲ. ವೈಫೈ ಕ್ಯಾಮೆರಾವಾದರೆ ಚಿತ್ರ ಮಧ್ಯೆ ಕಡಿಯಬಾರದೆಂದು ಕಂಪ್ಯೂಟರಿನ ಪ್ಲೇಯರ್ ಕೆಲವು ನೂರು ಮಿಲಿಸೆಕೆಂಡಿನಷ್ಟನ್ನು ಮೊದಲೇ ದಾಸ್ತಾನು ಮಾಡಿಕೊಳ್ಳುತ್ತದೆ. ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಕ್ಯಾಪ್ಚರ್ ಕಾರ್ಡು, ಅದನ್ನು ಕತ್ತರಿಸಿ ಜೋಡಿಸುವ ಕ್ಯುಲ್ಯಾಬ್ ಅಥವಾ ಐಸಡೋರಾದಂಥ ತಂತ್ರಾಂಶ, ಕೊನೆಗೆ ಪ್ರೊಜೆಕ್ಟರ್ – ಎಲ್ಲರೂ ತಮ್ಮ ಪಾಲಿನ ಫ್ರೇಮು ಮುರಿದುಕೊಂಡೇ ಮುಂದಕ್ಕೆ ಬಿಡುವುದು. ಹೀಗೆ ಕೇಬಲ್ ಇದ್ದಾಗಲೂ 100 ಮಿಲಿಸೆಕೆಂಡ್ ದಾಟುವುದು ಸುಲಭ. ವೈಫೈ ಸೇರಿದರೆ ಅರ್ಧ ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು.

ಮನುಷ್ಯನಿಗೆ ಎಷ್ಟು ತಡ ಗೊತ್ತಾಗುತ್ತದೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪ್ರಸಾರಕ್ಕೆಂದು ಕೊಟ್ಟಿರುವ ಶಿಫಾರಸಿನಲ್ಲಿ, ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ. ಸದ್ದು ಹಿಂದಿದ್ದರೆ ಸುಮಾರು 125ರವರೆಗೂ ಗಮನಕ್ಕೆ ಬರುವುದಿಲ್ಲ. ಈ ಏರುಪೇರು ಸಹಜವೇ. ಲೋಕದಲ್ಲಿ ಬೆಳಕು ಮೊದಲು ಬರುತ್ತದೆ, ಸದ್ದು ಆಮೇಲೆ; ದೂರದ ಬಂಡೆಯ ಮೇಲೆ ಬಟ್ಟೆ ಒಗೆಯುವವರನ್ನು ನೋಡಿದವರಿಗೆಲ್ಲ ಇದು ಗೊತ್ತು. ರಂಗದ ಲೈವ್ ವಿಡಿಯೊದಲ್ಲಿ ಆಗುವುದು ಇದರ ತಲೆಕೆಳಗು. ನಟನ ದನಿ ನೇರವಾಗಿ ಕಿವಿ ಸೇರುತ್ತದೆ, ಪರದೆಯ ತುಟಿ ಆಮೇಲೆ ಅಲುಗುತ್ತದೆ. ಮೆದುಳು ಒಪ್ಪದೆ ಹಟ ಹಿಡಿಯುವ ದಿಕ್ಕಿನಲ್ಲೇ ತಪ್ಪು ಬೀಳುತ್ತದೆ.

ಇದರಲ್ಲಿ ಹಿಂದಿನ ಸಾಲಿನವರಿಗೆ ಒಂದು ಲಾಭವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೈಕ್ ಇಲ್ಲದ ನಾಟಕದಲ್ಲಿ 17 ಮೀಟರ್ ದೂರ ಕೂತವರಿಗೆ ಮಾತು ತಲುಪುವುದೇ 50 ಮಿಲಿಸೆಕೆಂಡ್ ತಡವಾಗಿ. ಚಿತ್ರದ ತಡದಲ್ಲಿ ಅಷ್ಟು ವಜಾ. ಹೆಚ್ಚು ದುಡ್ಡು ಕೊಟ್ಟು ಮುಂದೆ ಕೂತವರಿಗೇ ತುಟಿ ಹೊಂದದಿರುವುದು ಚೆನ್ನಾಗಿ ಕಾಣುತ್ತದೆ.

ತಡವನ್ನು ಇಳಿಸುವ ದಾರಿಗಳು ಸರಳ, ಆದರೆ ತಾಳ್ಮೆ ಬೇಡುವಂಥವು. ಎಲ್ಲ ಉಪಕರಣವನ್ನೂ 25ರ ಬದಲು 50 ಫ್ರೇಮಿಗೆ ಇಟ್ಟರೆ ಪ್ರತಿ ಹಂತದ ತಡ ಅರ್ಧಕ್ಕೆ ಇಳಿಯುತ್ತದೆ. ಪ್ರೊಜೆಕ್ಟರಿನಲ್ಲಿ ಚಿತ್ರದ ಓರೆ ತಿದ್ದುವ, ಬಣ್ಣ ಮೆರುಗುಗೊಳಿಸುವ ಸೌಲಭ್ಯಗಳನ್ನು ಆಫ್ ಮಾಡಿ, ಯಂತ್ರವನ್ನೇ ನೆಟ್ಟಗೆ ಕೂರಿಸಬೇಕು. ನಡುವಿನ ಪರಿವರ್ತಕ ಡಬ್ಬಿಗಳನ್ನು ಒಂದೊಂದಾಗಿ ತೆಗೆಯಬೇಕು. ನಟ ಕೂತಲ್ಲೇ ಕೂರುವ ದೃಶ್ಯವಾದರೆ ಕೇಬಲ್ಲನ್ನೇ ಎಳೆಯುವುದು ಜಾಣತನ. ತಂತಿರಹಿತ ಎಂಬುದು ಅನಿವಾರ್ಯವಾದಲ್ಲಿ ಮಾತ್ರ ಬಳಸುವ ಔಷಧಿ. ನಟ ರಂಗದಿಂದ ಪೂರ್ತಿ ಮರೆಯಾಗಿರುವಾಗ ಇನ್ನೊಂದು ಉಪಾಯವಿದೆ: ಅವನ ಸಹಜ ದನಿ ಯಾರಿಗೂ ಕೇಳದ್ದರಿಂದ, ಸ್ಪೀಕರಿನ ದನಿಯನ್ನೂ ಚಿತ್ರದಷ್ಟೇ ತಡ ಮಾಡಿ ತುಟಿಗೆ ಹೊಂದಿಸಬಹುದು. ಬೀದಿಯಲ್ಲಿ ಹಾಡುವ ನಟನಿಗೆ ಈ ಉಪಾಯ ನಡೆಯದು. ದನಿ ತಡವಾದರೆ ಒಳಗಿನ ವಾದ್ಯಗಳ ತಾಳ ತಪ್ಪುತ್ತದೆ.

ಲೈವ್‌ಗೆ ತಡದ ಕಷ್ಟವಾದರೆ, ಮೊದಲೇ ಮುದ್ರಿಸಿಟ್ಟ ಚಿತ್ರದ್ದು ಬೇರೆಯೇ ಕಷ್ಟ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ರಂಗಕ್ಕೆ ಬಂದಾಗ ಅರುಂಧತಿ ನಾಗ್ ಟೀವಿ ಸ್ಟುಡಿಯೊದಲ್ಲಿ ಸಿಕ್ಕಿಬಿದ್ದ ಲೇಖಕಿ ಮಂಜುಳಾ ನಾಯಕ್ ಆಗಿದ್ದರು. ಪರದೆಯ ಮೇಲಿನ ಅವರದೇ ಬಿಂಬ ಅವರನ್ನು ಪಾಟೀಸವಾಲಿಗೆ ಒಳಪಡಿಸುತ್ತಿತ್ತು. ಬಿಂಬವನ್ನು ಮೊದಲೇ ಮುದ್ರಿಸಿಕೊಂಡಿದ್ದರಿಂದ ಕಾಲವನ್ನು ಆಳುತ್ತಿದ್ದುದು ಅದೇ. ಜೀವಂತ ನಟಿ ಒಂದು ಉಸಿರು ಹೆಚ್ಚು ಎಳೆದರೂ ಬಿಂಬ ಕಾಯುವುದಿಲ್ಲ. ಲೈವ್ ಚಿತ್ರದಲ್ಲಿ ಬಿಂಬ ನಟಿಯ ಗುಲಾಮ, ಆದರೆ ಸದಾ ಒಂದು ಹೆಜ್ಜೆ ಹಿಂದೆ. ತನ್ನೊಂದಿಗೇ ಜಗಳವಾಡುವ ಪಾತ್ರಕ್ಕೆ ಮುದ್ರಿತ ಬಿಂಬವೇ ಬೇಕು. ತನ್ನಿಂದ ತಪ್ಪಿಸಿಕೊಳ್ಳಲಾಗದ ಪಾತ್ರಕ್ಕೆ ಲೈವ್ ಒಪ್ಪುತ್ತದೆ. ಎರಡನ್ನೂ ಬೆರೆಸಿದವರಿದ್ದಾರೆ. ಸಿಡ್ನಿ ಥಿಯೇಟರ್ ಕಂಪನಿಗಾಗಿ ಕಿಪ್ ವಿಲಿಯಮ್ಸ್ 2020ರಲ್ಲಿ ಕಟ್ಟಿದ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯಲ್ಲಿ ಒಬ್ಬಳೇ ನಟಿ 26 ಪಾತ್ರ ಮಾಡುತ್ತಾಳೆ: ಕೆಲವು ಕ್ಯಾಮೆರಾ ಎದುರು ಆಗಿಂದಾಗಲೇ, ಕೆಲವು ಮೊದಲೇ ಮುದ್ರಿಸಿದವು. ಮುಂದೆ ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ ಸಾರಾ ಸ್ನೂಕ್ ಇದನ್ನು ಆಡಿ ಒಲಿವಿಯೆ, ಟೋನಿ ಎರಡೂ ಪ್ರಶಸ್ತಿ ಪಡೆದರು.

ಇನ್ನು ತಂತಿಯಿಲ್ಲದೆ ಚಿತ್ರ ಒಯ್ಯುವ ರೇಡಿಯೊ ಅಲೆಗಳ ಸ್ವಭಾವ ತಾಲೀಮಿನಲ್ಲಿ ಒಂದು, ಪ್ರದರ್ಶನದಲ್ಲಿ ಇನ್ನೊಂದು. ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ಬರುತ್ತಿದ್ದ ಚಿತ್ರ ಜನ ತುಂಬಿದ ಮೇಲೆ ಮುರಿಯುತ್ತದೆ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು, ಈ ಅಲೆಗಳನ್ನು ಅದು ಹೀರಿಕೊಳ್ಳುತ್ತದೆ. ಮೇಲಾಗಿ ಪ್ರತಿ ಜೇಬಿನಲ್ಲೂ ವೈಫೈ, ಬ್ಲೂಟೂತ್ ಹುಡುಕುವ ಫೋನು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ವೈಫೈ ಚಾನೆಲ್ಲುಗಳು ಮೂರೇ: 1, 6 ಮತ್ತು 11. ಆದ್ದರಿಂದ 5 ಗಿಗಾಹರ್ಟ್ಸ್ ವಾಸಿ. ಭಾರತದಲ್ಲಿ ಆ ಪಟ್ಟಿಯ ದೊಡ್ಡ ಭಾಗವನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಪರವಾನಗಿ ಬೇಡವೆಂದರೆ ರಕ್ಷಣೆಯೂ ಇಲ್ಲ ಎಂದೇ ಅರ್ಥ. ಪಕ್ಕದ ಕಟ್ಟಡದ ರೂಟರ್ ಅಡ್ಡ ಬಂದರೆ ದೂರು ಕೊಡುವಂತಿಲ್ಲ. ರಿಸೀವರನ್ನು ಹಿಂದಿನ ಕಂಟ್ರೋಲ್ ರೂಮಿನಲ್ಲಿಡದೆ ರಂಗದ ಮೇಲ್ಭಾಗದಲ್ಲಿ, ತಲೆಗಳಿಗಿಂತ ಎತ್ತರದಲ್ಲಿ ತೂಗುಹಾಕಿ, ಅಲ್ಲಿಂದ ಮುಂದಕ್ಕೆ ಕೇಬಲ್ ಎಳೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಬೆಳಕಿನದು ಇನ್ನೊಂದು ಪಂಚಾಯಿತಿ. ಚಿಕ್ಕ ಕ್ಯಾಮೆರಾಗಳು ಬೆಳಕನ್ನೂ ಬಣ್ಣವನ್ನೂ ತಾವೇ ಹೊಂದಿಸಿಕೊಳ್ಳುವ ಅಭ್ಯಾಸದವು. ಬೆಳಕಿನ ವಿನ್ಯಾಸಕಾರ ನೀಲಿ ಸಂಜೆ ಕಟ್ಟಿದರೆ, ಕ್ಯಾಮೆರಾ ಅದನ್ನು ದೋಷವೆಂದು ಬಗೆದು ಬಿಳಿಗೆ ತಿದ್ದುತ್ತದೆ. ಕತ್ತಲಾಗುತ್ತಿದ್ದಂತೆ ಚಿತ್ರವನ್ನು ತಾನೇ ಬೆಳಗಿಸಿ ಕಾಳು ಕಾಳು ಮಾಡುತ್ತದೆ. ಇವೆರಡನ್ನೂ ಕೈಯಿಂದ ಬಿಗಿದು ಇಡಲು ಬರುವ ಕ್ಯಾಮೆರಾವನ್ನೇ ಆರಿಸಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದಾದ್ದರಿಂದ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ದೀಪಗಳ ಮಿನುಗು ಪಟ್ಟೆ ಪಟ್ಟೆಯಾಗಿ ಕಾಣುವುದು ತಪ್ಪುತ್ತದೆ. ಅಗ್ಗದ ಎಲ್‌ಇಡಿಗಳು ಅದಕ್ಕೂ ಬಗ್ಗುವುದಿಲ್ಲ. ನಟನ ಮುಖಕ್ಕೆ ಕ್ಯಾಮೆರಾ ಬೇಡುವಷ್ಟು ಬೆಳಕು ಬೇಕು, ಆ ಬೆಳಕು ಪರದೆಗೆ ಚೆಲ್ಲಿದರೆ ಪ್ರೊಜೆಕ್ಟರಿನ ಚಿತ್ರ ತೊಳೆದು ಹೋಗುತ್ತದೆ. ಬದಿಯಿಂದ ಬೆಳಕು ಹಾಕುವುದು, ನಟನನ್ನು ಪರದೆಯಿಂದ ದೂರ ನಿಲ್ಲಿಸುವುದು ರೂಢಿ. ಕ್ಯಾಮೆರಾ ತಿರುಗಿ ಪರದೆಯನ್ನೇ ನೋಡಿದರೆ ಚಿತ್ರದೊಳಗೆ ಚಿತ್ರ, ಅದರೊಳಗೆ ಇನ್ನೊಂದು ಎಂದು ಕೊನೆಯಿಲ್ಲದ ಸುರಂಗ ಮೂಡುತ್ತದೆ. ಬೇಕೆಂದೇ ಮಾಡಿದರೆ ಸರಿ, ಕೈತಪ್ಪಿ ಆದರೆ ಆಭಾಸ.

ಕ್ಯಾಮೆರಾ ಹಿಡಿದವನೂ ನಟನೇ ಎಂಬುದನ್ನು ಅನೇಕ ತಂಡಗಳು ಕೊನೆಗೆ ನೆನಪಿಸಿಕೊಳ್ಳುತ್ತವೆ. ಅವನು ಎಲ್ಲಿ ನಿಲ್ಲುತ್ತಾನೆ, ಏನು ಉಡುತ್ತಾನೆ, ಪಾತ್ರಗಳಿಗೆ ಅವನು ಕಾಣುತ್ತಾನೋ ಇಲ್ಲವೋ ಎಂಬುದು ತಾಲೀಮಿನ ಮೊದಲ ವಾರದಲ್ಲೇ ತೀರ್ಮಾನವಾಗಬೇಕು. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಕೇಟಿ ಮಿಚೆಲ್ 2006ರಲ್ಲಿ ವರ್ಜೀನಿಯಾ ವುಲ್ಫ್ ಕಾದಂಬರಿ ಆಧರಿಸಿ ಮಾಡಿದ ‘ವೇವ್ಸ್’ನಲ್ಲಿ ನಟರೇ ಕ್ಯಾಮೆರಾ ಹಿಡಿದು, ದೀಪ ತಿರುಗಿಸಿ, ಸದ್ದು ಮಾಡಿದರು. ಮೇಲಿನ ಪರದೆಯಲ್ಲಿ ತಿದ್ದಿ ತೀಡಿದ ದೃಶ್ಯ, ಕೆಳಗೆ ಅದನ್ನು ತಯಾರಿಸುವ ಗಡಿಬಿಡಿ. ಎದುರಿಗಿರುವ ಕಣ್ಣಿಗೆ ಕಾಣದ್ದನ್ನು ತೋರಿಸಿದಾಗಲೇ ಪರದೆ ತನ್ನ ಜಾಗ ಸಂಪಾದಿಸುವುದು. ಕಾಣುತ್ತಿರುವುದನ್ನೇ ಹಿಗ್ಗಿಸಿದರೆ ಅದು ಚುನಾವಣಾ ಸಭೆಯ ಎಲ್‌ಇಡಿ ಪರದೆ. ಜನ ಅದನ್ನೇ ನೋಡುತ್ತಾರೆ, ಕೆಳಗೆ ನಿಂತ ನಟ ಅನಾಥನಾಗುತ್ತಾನೆ. ಮುಖದ ಅಭಿನಯವೂ ಬದಲಾಗಬೇಕು. ಕೊನೆಯ ಸಾಲಿಗೆ ಮುಟ್ಟಲೆಂದು ಹುಬ್ಬು ಕುಣಿಸುವುದನ್ನು ರೂಢಿಸಿಕೊಂಡ ನಟ ಹದಿನೈದು ಅಡಿಯ ಮುಖವಾಗಿ ನಿಂತಾಗ ಅದೇ ಹುಬ್ಬು ವಿಪರೀತವಾಗಿ ಕಾಣುತ್ತದೆ.

ಉಳಿದದ್ದು ಬ್ಯಾಟರಿ ಮತ್ತು ಮುನ್ನೆಚ್ಚರಿಕೆ. ಕ್ಯಾಮೆರಾ, ಟ್ರಾನ್ಸ್‌ಮಿಟರ್ ಸೇರಿ ಎರಡು ಮೂರು ವಾಟ್ ನುಂಗಿದರೆ 1,000 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್ ಒಂದು ಗಂಟೆಯ ಮೇಲೆ ಸ್ವಲ್ಪ ಬಂದೀತು. ಚಿತ್ರ ಕೈಕೊಡುವುದು ಸಾಮಾನ್ಯವಾಗಿ ಕೊನೆಯ ದೃಶ್ಯದಲ್ಲೇ. ವಿರಾಮದಲ್ಲಿ ಬ್ಯಾಟರಿ ಬದಲಿಸುವ ಹೊಣೆ ಒಬ್ಬರ ಹೆಸರಿಗೇ ಇರಬೇಕು. ಕ್ಯಾಮೆರಾ ಮೇಕಪ್ಪಿನ ಎಣ್ಣೆ, ಬೆವರು ಮೆತ್ತಿಕೊಂಡು ಬರುತ್ತದೆ, ಲೆನ್ಸ್ ಒರೆಸುವ ಬಟ್ಟೆಯೂ ಅವರ ಬಳಿಯೇ ಇರಲಿ. ಸಂಕೇತ ತಪ್ಪಿದಾಗ ಅನೇಕ ರಿಸೀವರುಗಳು ನೀಲಿ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ತೋರಿಸುತ್ತವೆ. ದುರಂತ ದೃಶ್ಯದ ನಡುವೆ ಆ ಎರಡು ಶಬ್ದ ಇಪ್ಪತ್ತು ಅಡಿ ಅಗಲಕ್ಕೆ ಬಿದ್ದರೆ ಸಭೆಯೆಲ್ಲ ನಗುತ್ತದೆ. ಅದಕ್ಕೆ ರಿಸೀವರನ್ನು ನೇರ ಪ್ರೊಜೆಕ್ಟರಿಗೆ ಕೊಡದೆ ಮಿಕ್ಸರ್ ಅಥವಾ ತಂತ್ರಾಂಶದ ಮೂಲಕ ಹಾಯಿಸಿ, ಒಂದೇ ಗುಂಡಿಯಲ್ಲಿ ಕಪ್ಪಿಗೆ ಇಳಿಸುವ ವ್ಯವಸ್ಥೆ ಇಟ್ಟುಕೊಳ್ಳುತ್ತಾರೆ. ಆ ಗುಂಡಿ ಒತ್ತಿದ ಮೇಲೆ ನಟರು ಎಲ್ಲಿಗೆ ಸರಿದು ನಿಲ್ಲಬೇಕು, ಬೆಳಕು ಯಾವುದು ಬರಬೇಕು, ಮರೆಯಲ್ಲಿರುವ ನಟ ಯಾವ ಬಾಗಿಲಿಂದ ರಂಗಕ್ಕೆ ಬಂದು ಮಾತು ಮುಂದುವರಿಸಬೇಕು ಎಂಬುದನ್ನು ಒಮ್ಮೆಯಾದರೂ, ಚಿತ್ರವಿಲ್ಲದೆಯೇ, ಪೂರ್ತಿ ತಾಲೀಮು ಮಾಡಿಟ್ಟುಕೊಳ್ಳಬೇಕಾಗುತ್ತದೆ.